ಗಾಳಿ ಕಂಡರೆ ಕಪ್ಪಾಗುವ ಗುಲಾಬಿ

ಕರ್ನಾಟಕದಲ್ಲಿ ಮ್ಯಾಂಗನೀಸ್ ಎಂದರೆ ಕಪ್ಪು. ಸಂಡೂರಿನ ದೇವಗಿರಿಯ ಅದಿರು ಕಪ್ಪು. ಶಿವಮೊಗ್ಗ ಬಳಿಯ ಕುಂಸಿಯ ಅದಿರೂ ಕಪ್ಪು. ಹಳೆಯ ಟಾರ್ಚಿನ ಸೆಲ್ಲನ್ನು ಕಲ್ಲಿನಿಂದ ಜಜ್ಜಿ ಬಿಚ್ಚಿದ ಹುಡುಗರ ಕೈಗೆ ಮೆತ್ತಿಕೊಳ್ಳುತ್ತಿದ್ದ ಪುಡಿಯಲ್ಲೂ ಇಂಗಾಲದ ಜೊತೆ ಇದ್ದದ್ದು ಇದೇ ಲೋಹದ ಡೈಆಕ್ಸೈಡ್. ಸೋಪು ಹಚ್ಚಿ ತಿಕ್ಕಿದರೂ ಅದು ಸುಲಭಕ್ಕೆ ಹೋಗುತ್ತಿರಲಿಲ್ಲ.

ಇದೇ ಲೋಹ ಆಕ್ಸೈಡ್ ಆಗುವ ಬದಲು ಕಾರ್ಬೊನೇಟ್ ಆದರೆ ಬಣ್ಣವೇ ಬೇರೆ. ತಿಳಿ ಗುಲಾಬಿಯಿಂದ ಹಿಡಿದು ದಾಳಿಂಬೆ ಕಾಳಿನ ಕೆಂಪಿನವರೆಗೆ ಎಲ್ಲ ಛಾಯೆಗಳೂ ಅದರಲ್ಲಿ ಸಿಗುತ್ತವೆ. ಆ ಖನಿಜದ ಹೆಸರು ರೋಡೊಕ್ರೊಸೈಟ್. ಇಂದಿನ ರೊಮೇನಿಯಾದ ಕವ್ನಿಕ್ ಗಣಿಯಿಂದ ಬಂದ ಮಾದರಿಗೆ ಜರ್ಮನ್ ಖನಿಜವಿಜ್ಞಾನಿ ಹೌಸ್‌ಮನ್ 1813ರಲ್ಲಿ ಈ ಹೆಸರಿಟ್ಟರು. ರಚನೆ ಸರಳ: ಒಂದು ಮ್ಯಾಂಗನೀಸ್, ಒಂದು ಇಂಗಾಲ, ಮೂರು ಆಮ್ಲಜನಕ. ತೂಕದ ಲೆಕ್ಕದಲ್ಲಿ ಅದರ ಹತ್ತಿರ ಹತ್ತಿರ ಅರ್ಧ ಭಾಗ, ಅಂದರೆ ಶೇ. 47.8ರಷ್ಟು, ಲೋಹವೇ.

ಈ ಅಧ್ಯಾಯವನ್ನು ನಾನು ಬರೆಯುತ್ತಿರುವುದು ಕೊಡಗಿನ ಪೊನ್ನಂಪೇಟೆಯಲ್ಲಿ. ಇಲ್ಲಿ ರೋಡೊಕ್ರೊಸೈಟಿನ ಗಣಿಯಿಲ್ಲ, ಗುಡ್ಡದಲ್ಲಿ ಅದರ ಸೆಲೆಯೂ ಇಲ್ಲ. ಇಲ್ಲದ ಕಲ್ಲಿನ ಬಗ್ಗೆ ಇಲ್ಲೇಕೆ ಬರೆಯಬೇಕು ಎಂದು ಯಾರಾದರೂ ಕೇಳಬಹುದು. ಅದು ಇಲ್ಲಿ ಏಕಿಲ್ಲ ಎಂದು ಹುಡುಕುತ್ತಾ ಹೋದರೆ, ಅದು ಗುಲಾಬಿಯಾಗಿರುವುದು ಹೇಗೆ ಎಂಬುದಕ್ಕೂ ಉತ್ತರ ಸಿಗುತ್ತದೆ. ಎರಡರ ಬೇರೂ ಒಂದೇ.

ಮೊದಲು ಕಲ್ಲನ್ನು ನೋಡೋಣ. ಜಗತ್ತಿನ ಅತಿ ಪ್ರಸಿದ್ಧ ರೋಡೊಕ್ರೊಸೈಟ್ ಅಮೆರಿಕದ ಕೊಲರಾಡೊದ್ದು. ಆಲ್ಮಾ ಎಂಬ ಪುಟ್ಟ ಊರಿನ ಸ್ವೀಟ್ ಹೋಮ್ ಗಣಿಯನ್ನು 1870ರ ದಶಕದಲ್ಲಿ ತೆರೆದದ್ದು ಬೆಳ್ಳಿಗಾಗಿ. ಬೆಳ್ಳಿಯ ಹಿಂದೆ ಬಿದ್ದವರಿಗೆ ಈ ಕೆಂಪು ಹರಳು ಲೆಕ್ಕಕ್ಕಿರಲಿಲ್ಲ. ನೂರು ವರ್ಷ ಕಳೆದ ಮೇಲೆ ಹರಳಿಗಾಗಿಯೇ ಅದೇ ಗಣಿಯನ್ನು ಮತ್ತೆ ತೆರೆದರು. 1992ರಲ್ಲಿ ಅಲ್ಲಿ ಸಿಕ್ಕ ‘ಆಲ್ಮಾ ಕಿಂಗ್’ ಈಗ ಡೆನ್ವರಿನ ಪ್ರಕೃತಿ ಮತ್ತು ವಿಜ್ಞಾನ ಸಂಗ್ರಹಾಲಯದಲ್ಲಿದೆ. ಬಿಳಿ ಸ್ಫಟಿಕದ ಹಾಸಿನ ಮೇಲೆ ಒಂದು ಗೇಣಿನಷ್ಟು ದೊಡ್ಡ ಕೆಂಪು ಹರಳು, ಅಂಚುಗಳೆಲ್ಲ ಓರೆ, ಮುಖಗಳೆಲ್ಲ ನುಣುಪು. 2002ರಲ್ಲಿ ಕೊಲರಾಡೊ ರೋಡೊಕ್ರೊಸೈಟನ್ನು ತನ್ನ ರಾಜ್ಯ ಖನಿಜವೆಂದು ಘೋಷಿಸಿತು. ಆ ಬೇಡಿಕೆಯನ್ನು ಮುಂದಿಟ್ಟವರು ಒಂದು ಹೈಸ್ಕೂಲಿನ ಮಕ್ಕಳು.

ಅರ್ಜೆಂಟೀನಾದ ಕಪಿಲ್ಯಿತಾಸ್ ಗಣಿಯ ಕಲ್ಲಿನ ಚೆಲುವು ಬೇರೆ ಬಗೆಯದು. ಅಲ್ಲಿ ಬಿಡಿ ಹರಳುಗಳ ಬದಲು, ಗುಹೆಯ ಚಾವಣಿಯಿಂದ ತೊಟ್ಟಿಕ್ಕಿ ಬೆಳೆದ ಕೋಲುಗಳು ಸಿಗುತ್ತವೆ. ಕೋಲನ್ನು ಅಡ್ಡಕ್ಕೆ ಕೊಯ್ದರೆ ನಡುವಿನಿಂದ ಹೊರಕ್ಕೆ ಬಿಳಿ, ತಿಳಿ ಗುಲಾಬಿ, ದಟ್ಟ ಗುಲಾಬಿ ಎಂದು ಉಂಗುರದ ಮೇಲೆ ಉಂಗುರ. ಕೋಲು ಬೆಳೆಯುವಾಗ ನೀರಿನಲ್ಲಿ ಯಾವ ಲೋಹ ಎಷ್ಟಿತ್ತು ಎಂಬುದನ್ನು ಪ್ರತಿ ಉಂಗುರವೂ ಹೇಳುತ್ತದೆ. ಸುಣ್ಣದ ಅಂಶ ಹೆಚ್ಚಿದಾಗ ಬಣ್ಣ ತೆಳುವಾಗುತ್ತದೆ, ಕಬ್ಬಿಣ ಸೇರಿಕೊಂಡರೆ ಕಂದಿ ಕಂದುಬಣ್ಣಕ್ಕೆ ತಿರುಗುತ್ತದೆ. ಬೇರೇನೂ ಸೇರದೆ ಮ್ಯಾಂಗನೀಸೇ ತುಂಬಿದ್ದರೆ ಗಾಢ ಕೆಂಪು. ದಕ್ಷಿಣ ಆಫ್ರಿಕಾದ ಕಲಹಾರಿ ಮ್ಯಾಂಗನೀಸ್ ಪ್ರದೇಶದ ಮೊನಚು ಹರಳುಗಳು ಈ ಕೊನೆಯ ಬಗೆಯವು.

ಹೊರಗಿನ ಆಕಾರ ಏನೇ ಇರಲಿ, ರೋಡೊಕ್ರೊಸೈಟನ್ನು ಒಡೆದರೆ ಚೂರುಗಳು ಒಂದೇ ರೂಪದವು. ಬೆಂಕಿಪೊಟ್ಟಣವನ್ನು ಮೇಜಿನ ಮೇಲಿಟ್ಟು ಒಂದು ಬದಿಯಿಂದ ಓರೆಗೆ ತಳ್ಳಿದರೆ ಬರುವ ವಾಲಿದ ಪೆಟ್ಟಿಗೆಯಂತೆ ಆರು ಮುಖಗಳು, ಆರೂ ವಜ್ರಾಕೃತಿ. ಚೂರನ್ನು ಮತ್ತೆ ಒಡೆಯಿರಿ, ಬರುವುದು ಅದೇ ವಾಲಿದ ಪೆಟ್ಟಿಗೆ, ಇನ್ನಷ್ಟು ಚಿಕ್ಕದು. ಒಳಗಿನ ಕಾರ್ಬೊನೇಟ್ ಘಟಕಗಳು ಚಪ್ಪಟೆ ತ್ರಿಕೋನಗಳು. ಎಲ್ಲವೂ ಒಂದಕ್ಕೊಂದು ಸಮಾನಾಂತರವಾಗಿ ಪದರ ಪದರವಾಗಿ ಮಲಗಿರುತ್ತವೆ, ಪದರಗಳ ನಡುವೆ ಲೋಹದ ಅಯಾನುಗಳು ಕೂತಿರುತ್ತವೆ. ಬಂಧ ದುರ್ಬಲವಾಗಿರುವ ಮೂರು ದಿಕ್ಕುಗಳಲ್ಲಿ ಕಲ್ಲು ಸೀಳುತ್ತದೆ.

ಸುಣ್ಣಕಲ್ಲಿನ ಮುಖ್ಯ ಖನಿಜವಾದ ಕ್ಯಾಲ್ಸೈಟಿನ ಒಳರಚನೆಯೂ ಇದೇ. ಲೋಹ ಮಾತ್ರ ಬೇರೆ. ಕ್ಯಾಲ್ಸಿಯಂ ಅಯಾನಿನ ತ್ರಿಜ್ಯ ಒಂದು ಆಂಗ್‌ಸ್ಟ್ರಾಮ್, ಅಂದರೆ ಸೆಂಟಿಮೀಟರಿನ ಹತ್ತು ಕೋಟಿಯಲ್ಲೊಂದು ಭಾಗ. ಮ್ಯಾಂಗನೀಸಿನದು 0.83. ಅಯಾನು ಚಿಕ್ಕದಾದ್ದರಿಂದ ಇಡೀ ಪೆಟ್ಟಿಗೆ ಬಿಗಿಯುತ್ತದೆ. ಕ್ಯಾಲ್ಸೈಟ್ ಚೂರಿನ ಕಿರಿದಾದ ಕೋನ ಸುಮಾರು 75 ಡಿಗ್ರಿ ಇದ್ದರೆ, ರೋಡೊಕ್ರೊಸೈಟಿನದು 73. ಎರಡು ಡಿಗ್ರಿಯ ವ್ಯತ್ಯಾಸ ಬರಿಗಣ್ಣಿಗೆ ತಿಳಿಯದು. ಕೈಗೆ ತಿಳಿಯುವುದು ತೂಕ. ಕ್ಯಾಲ್ಸೈಟ್ ಅಷ್ಟೇ ಗಾತ್ರದ ನೀರಿನ 2.7 ಪಟ್ಟು ಭಾರ, ರೋಡೊಕ್ರೊಸೈಟ್ 3.7 ಪಟ್ಟು. ಗಾತ್ರ ನೋಡಿ ಇಷ್ಟೇ ತೂಕ ಎಂದು ಎತ್ತಿಕೊಂಡವರ ಕೈ ಒಂದು ಕ್ಷಣ ಕೆಳಗಿಳಿಯುತ್ತದೆ.

ಇನ್ನು ಬಣ್ಣ. ಇದಕ್ಕೆ ಅಂಗಡಿಯಲ್ಲೇ ಸಿಗುವ ಎರಡು ಪುಡಿಗಳು ಸಾಕು. ಗೋಣಿಕೊಪ್ಪದ ಗೊಬ್ಬರದಂಗಡಿಯಲ್ಲಿ ಮ್ಯಾಂಗನೀಸ್ ಸಲ್ಫೇಟ್ ಕೇಳಿ. ಗಿಡಕ್ಕೆ ಸಿಂಪಡಿಸುವ ಸೂಕ್ಷ್ಮ ಪೋಷಕಾಂಶಗಳಲ್ಲಿ ಅದೂ ಒಂದು. ಪೊಟ್ಟಣ ಬಿಚ್ಚಿ ಬಿಳಿ ಕಾಗದದ ಮೇಲೆ ಸುರಿದರೆ ಮೊದಲು ಬಿಳಿಯೆಂದೇ ಅನ್ನಿಸುತ್ತದೆ. ಪಕ್ಕದಲ್ಲಿ ಒಂದಿಷ್ಟು ಪುಡಿಯುಪ್ಪು ಹಾಕಿ ನೋಡಿದಾಗ ಮಾತ್ರ ಇದಕ್ಕೊಂದು ಮಾಸಲು ಗುಲಾಬಿ ಛಾಯೆ ಇದೆಯೆಂದು ತಿಳಿಯುತ್ತದೆ. ಒಂದು ಚಮಚವನ್ನು ಲೋಟ ನೀರಿಗೆ ಹಾಕಿ ಕಲಕಿ, ಬಣ್ಣ ಕಾಣುವುದೇ ಇಲ್ಲ. ಇನ್ನೊಂದು ಪುಡಿ, ಬಾವಿಗೆ ಹಾಕುತ್ತಿದ್ದ ಪೊಟ್ಯಾಸಿಯಂ ಪರ್ಮಾಂಗನೇಟ್. ಅದರ ನಾಲ್ಕು ಹರಳು ಬಿದ್ದರೆ ಬಕೆಟ್ ನೀರೆಲ್ಲ ನೇರಳೆ. ಎರಡರಲ್ಲೂ ಇರುವುದು ಮ್ಯಾಂಗನೀಸೇ.

ವ್ಯತ್ಯಾಸ ಇರುವುದು ಎಲೆಕ್ಟ್ರಾನುಗಳಲ್ಲಿ. ಮ್ಯಾಂಗನೀಸ್ ಪರಮಾಣು ತನ್ನ ಎಲೆಕ್ಟ್ರಾನುಗಳಲ್ಲಿ ಎರಡನ್ನು ಕಳೆದುಕೊಳ್ಳಬಹುದು, ನಾಲ್ಕನ್ನು ಕಳೆದುಕೊಳ್ಳಬಹುದು, ಏಳನ್ನೂ ಕಳೆದುಕೊಳ್ಳಬಹುದು. ಸಲ್ಫೇಟಿನಲ್ಲಿ ಮತ್ತು ನಮ್ಮ ಗುಲಾಬಿ ಕಲ್ಲಿನಲ್ಲಿ ಎರಡು ಹೋಗಿರುತ್ತವೆ, ಸೆಲ್ಲಿನ ಕಪ್ಪು ಪುಡಿಯಲ್ಲಿ ನಾಲ್ಕು, ಪರ್ಮಾಂಗನೇಟಿನಲ್ಲಿ ಏಳೂ. ಎರಡೇ ಹೋದಾಗ ಹೊರಗಿನ ಕಕ್ಷಕಗಳಲ್ಲಿ ಐದು ಎಲೆಕ್ಟ್ರಾನುಗಳು ಉಳಿಯುತ್ತವೆ. ಕಕ್ಷಕಗಳೂ ಐದು, ಒಂದೊಂದರಲ್ಲಿ ಒಂದೊಂದು, ಐದರ ತಿರುಗೂ ಒಂದೇ ದಿಕ್ಕಿಗೆ. ಬೆಳಕನ್ನು ಹೀರಿ ಒಂದು ಎಲೆಕ್ಟ್ರಾನು ಮೇಲಿನ ಮಟ್ಟಕ್ಕೆ ನೆಗೆಯಬೇಕಾದರೆ ತನ್ನ ತಿರುಗಿನ ದಿಕ್ಕನ್ನು ಬದಲಿಸಿಕೊಳ್ಳಲೇಬೇಕು. ಕ್ವಾಂಟಂ ನಿಯಮಗಳು ಇದಕ್ಕೆ ಬಹುಮಟ್ಟಿಗೆ ಅನುಮತಿ ಕೊಡುವುದಿಲ್ಲ. ಆದರೂ ಅಪರೂಪಕ್ಕೆ ಇಂಥ ನೆಗೆತ ನಡೆಯುತ್ತದೆ. ಆಗ ಬೆಳಕಿನಿಂದ ನೇರಳೆ-ನೀಲಿಯ ಒಂದಿಷ್ಟು, ಹಸಿರಿನ ಒಂದಿಷ್ಟು ಕಡಿಮೆಯಾಗುತ್ತದೆ. ಉಳಿದು ನಮ್ಮ ಕಣ್ಣಿಗೆ ಬರುವುದು ಗುಲಾಬಿ.

ಅಂದರೆ ಇದು ಬಲಹೀನ ಬಣ್ಣ. ರೋಡೊಕ್ರೊಸೈಟನ್ನು ಸೂಕ್ಷ್ಮದರ್ಶಕಕ್ಕೆಂದು ಕೂದಲಿಗಿಂತ ತೆಳುವಾಗಿ ಅರೆದು ಗಾಜಿಗೆ ಅಂಟಿಸಿದರೆ ಅದು ಹೆಚ್ಚೂಕಡಿಮೆ ಬಣ್ಣವಿಲ್ಲದ್ದು. ಬಿಳಿ ಪಿಂಗಾಣಿಯ ಒರಟು ಮೈಗೆ ಉಜ್ಜಿದರೆ ಬೀಳುವ ಗೆರೆಯೂ ಬಿಳಿ. ಆಲ್ಮಾ ಕಿಂಗ್‌ನ ಕೆಂಪು ಅದರ ಗಾತ್ರದ ಕೊಡುಗೆ: ಬೆಳಕು ಅಷ್ಟು ದಪ್ಪದ ಹರಳಿನೊಳಗೆ ಹಾದು ಬರುವಷ್ಟರಲ್ಲಿ ಆ ಅಪರೂಪದ ನೆಗೆತಗಳೆಲ್ಲ ಸೇರಿ ಲೆಕ್ಕಕ್ಕೆ ಬರುವಷ್ಟಾಗಿರುತ್ತವೆ. ಒಡವೆ ಮಾರುವವರು ಈ ಕಲ್ಲಿನ ‘ಶಕ್ತಿ’ಯ ಬಗ್ಗೆ, ಅದು ಹೃದಯಕ್ಕೆ ಕೊಡುವ ತಂಪಿನ ಬಗ್ಗೆ ಏನೇನೋ ಹೇಳುತ್ತಾರೆ. ಭೌತವಿಜ್ಞಾನ ಹೇಳುವ ಈ ನಿಷಿದ್ಧ ನೆಗೆತದ ಕತೆಗೆ ಅದ್ಯಾವುದೂ ಸಾಟಿಯಲ್ಲ ಎಂಬುದು ನನ್ನ ಅಭಿಪ್ರಾಯ.

ಮ್ಯಾಂಗನೀಸ್ ಸ್ವಲ್ಪವೇ ಬೆರೆತ ಕ್ಯಾಲ್ಸೈಟಿನದು ಇನ್ನೊಂದು ಆಟ. ಹಗಲಲ್ಲಿ ಅದು ಬಿಳಿ ಅಥವಾ ತೀರಾ ಮಸುಕು ಗುಲಾಬಿ. ಕತ್ತಲೆಯಲ್ಲಿ ಅತಿನೇರಳೆ ದೀಪ ಹಿಡಿದರೆ ಕೆಂಡದ ಬಣ್ಣದಲ್ಲಿ ಬೆಳಗುತ್ತದೆ. ಅಮೆರಿಕದ ನ್ಯೂಜೆರ್ಸಿಯ ಫ್ರಾಂಕ್ಲಿನ್ ಗಣಿಯ ಕ್ಯಾಲ್ಸೈಟ್ ಇದಕ್ಕೇ ಹೆಸರುವಾಸಿ. ಮ್ಯಾಂಗನೀಸೇ ತುಂಬಿರುವ ರೋಡೊಕ್ರೊಸೈಟ್ ಇನ್ನೂ ಜೋರಾಗಿ ಬೆಳಗಬೇಕಲ್ಲವೇ? ಬೆಳಗುವುದಿಲ್ಲ. ಮ್ಯಾಂಗನೀಸ್ ಅಯಾನುಗಳು ಅಕ್ಕಪಕ್ಕದಲ್ಲೇ ಇದ್ದಾಗ ಹೀರಿದ ಶಕ್ತಿಯನ್ನು ಒಂದರಿಂದ ಒಂದಕ್ಕೆ ದಾಟಿಸುತ್ತಾ ಹೋಗಿ, ಕೊನೆಗೆ ಬೆಳಕಾಗುವ ಮೊದಲೇ ಶಾಖವಾಗಿ ಕಳೆದುಬಿಡುತ್ತವೆ.

ಗುಲಾಬಿ ಬಣ್ಣದ ಕಾರ್ಬೊನೇಟುಗಳೆಲ್ಲ ಮ್ಯಾಂಗನೀಸಿನವೇ ಎಂದುಕೊಳ್ಳಬಾರದು. ಕಾಂಗೋದ ತಾಮ್ರದ ಗಣಿಗಳಿಂದ ಬರುವ, ಕಣ್ಣಿಗೆ ಹೊಡೆಯುವಷ್ಟು ಗುಲಾಬಿಯಾದ ಕ್ಯಾಲ್ಸೈಟಿಗೆ ಬಣ್ಣ ಕೊಡುವುದು ಕೋಬಾಲ್ಟ್. ನಮ್ಮ ಬಾಗಲಕೋಟೆ ಸೀಮೆಯ ಕಲಾದಗಿ ಶಿಲಾಪದರಗಳಲ್ಲಿ ಸುಣ್ಣಕಲ್ಲೂ ಡೋಲೋಮೈಟೂ ಹೇರಳ. ರಾಬರ್ಟ್ ಬ್ರೂಸ್ ಫೂಟ್ 1876ರಷ್ಟು ಹಿಂದೆಯೇ ಇವನ್ನು ವಿವರವಾಗಿ ವರ್ಣಿಸಿದ್ದರು. ಅವುಗಳಲ್ಲಿ ಅಲ್ಲಲ್ಲಿ ಕಾಣುವ ಗುಲಾಬಿ ಛಾಯೆ ಕಬ್ಬಿಣದ ಆಕ್ಸೈಡಿನ ನವಿರು ಧೂಳಿನದು. ಅಲ್ಲಿ ಬಣ್ಣ ಹರಳಿನ ರಚನೆಯೊಳಗೆ ಸೇರಿಲ್ಲ, ಕಣಗಳ ನಡುವೆ ಸಿಕ್ಕಿಕೊಂಡಿದೆ. ಇಳಕಲ್ಲಿನ ಪ್ರಸಿದ್ಧ ಕೆಂಪುಕಲ್ಲು ಕಾರ್ಬೊನೇಟೇ ಅಲ್ಲ, ಅದು ಗ್ರಾನೈಟ್. ಆ ಬಣ್ಣ ಫೆಲ್ಡ್‌ಸ್ಪಾರ್ ಎಂಬ ಖನಿಜದ್ದು.

ಕೊಡಗಿನಲ್ಲಿ ಕೆಂಪಗೆ ಹೊಳೆಯುವ ಯಾವ ಕಲ್ಲು ಸಿಕ್ಕಿದರೂ ಜನ ಮೊದಲು ಹೇಳುವುದು ‘ಹರಳು ಕಲ್ಲು’ ಎಂದು. ಪಶ್ಚಿಮದ ಕಾಡುಗಳಲ್ಲಿ ಇದನ್ನು ಕದ್ದು ಅಗೆಯುವ ದಂಧೆಯ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತಿರುತ್ತದೆ. ಗಾರ್ನೆಟ್, ಕುರುಂದದ ಜಾತಿಯ ಆ ಕಲ್ಲುಗಳು ಬಹಳ ಗಟ್ಟಿ. ಹತ್ತು ಅಂಕಗಳ ಮೋಸ್ ಅಳತೆಯಲ್ಲಿ ಗಾರ್ನೆಟ್ ಏಳರ ಆಸುಪಾಸು, ಕುರುಂದ ಒಂಬತ್ತು. ರೋಡೊಕ್ರೊಸೈಟ್ ಮೂರೂವರೆಯಿಂದ ನಾಲ್ಕು. ತೋಟಕ್ಕೆ ಒಯ್ಯುವ ಕತ್ತಿಯ ತುದಿ ಅದನ್ನು ಸುಲಭವಾಗಿ ಗೀರುತ್ತದೆ, ಗಾರ್ನೆಟ್ಟಿನ ಮೇಲೆ ಜಾರುತ್ತದೆ. ರೋಡೊಕ್ರೊಸೈಟಿನ ತದ್ರೂಪಿಯಂತಿರುವ ರೋಡೊನೈಟ್ ಎಂಬ ಇನ್ನೊಂದು ಗುಲಾಬಿ ಖನಿಜವೂ ಮ್ಯಾಂಗನೀಸಿನದೇ, ಆದರೆ ಅದು ಸಿಲಿಕೇಟ್. ಅದಕ್ಕೂ ಕತ್ತಿ ಸರಿಯಾಗಿ ನಾಟುವುದಿಲ್ಲ. ಉಂಗುರಕ್ಕೆ ರೋಡೊಕ್ರೊಸೈಟ್ ಕಟ್ಟಿಸಿಕೊಂಡವರು ವರ್ಷ ಕಳೆಯುವಷ್ಟರಲ್ಲಿ ಅದರ ಹೊಳಪು ಮಾಸಿತೆಂದು ದೂರುವುದು ಇದೇ ಮೆದುತನದಿಂದ. ಗಾಳಿಯ ಧೂಳಿನಲ್ಲಿ ಸದಾ ಇರುವ ಮರಳಿನ ಕಣವೇ ಅದಕ್ಕಿಂತ ಗಟ್ಟಿ.

ಕಾರ್ಬೊನೇಟಿನ ಗುರುತು ಹಿಡಿಯಲು ಇನ್ನೊಂದು ಪರೀಕ್ಷೆಯಿದೆ, ಆಮ್ಲ. ಪಂದಿಕರಿಗೆ ಹುಳಿ ಕೊಡುವ ಕಾಚಂಪುಳಿ ಕೊಡಗಿನ ಪ್ರತಿ ಅಡುಗೆಮನೆಯಲ್ಲೂ ಇರುತ್ತದೆ. ಹಣ್ಣಿನ ರಸವನ್ನು ಕಪ್ಪಗೆ ಗಟ್ಟಿಯಾಗುವವರೆಗೆ ಕುದಿಸಿ ಇಳಿಸಿದ ಆ ದ್ರವವನ್ನು ಚೂರು ನೀರಿನಲ್ಲಿ ತೆಳುಮಾಡಿ, ಮೊಟ್ಟೆಚಿಪ್ಪಿನ ಪುಡಿಯ ಮೇಲೆ ಒಂದು ಹನಿ ಬಿಡಿ. ಹನಿಯ ಅಂಚಿನಿಂದ ಸಣ್ಣ ಗುಳ್ಳೆಗಳು ಏಳುತ್ತವೆ. ಅವು ಇಂಗಾಲದ ಡೈಆಕ್ಸೈಡ್. ಮೊಟ್ಟೆಚಿಪ್ಪು ಕ್ಯಾಲ್ಸೈಟ್ ಆದ್ದರಿಂದ ತಡಮಾಡುವುದಿಲ್ಲ. ಡೋಲೋಮೈಟ್ ಪುಡಿಗೆ ತಾಳ್ಮೆ ಬೇಕು, ಅದು ನಿಧಾನ. ರೋಡೊಕ್ರೊಸೈಟ್ ತಣ್ಣನೆಯ ಆಮ್ಲಕ್ಕೆ ಅಷ್ಟಾಗಿ ಕೆರಳುವುದಿಲ್ಲ, ಪ್ರಯೋಗಶಾಲೆಯ ಹೈಡ್ರೊಕ್ಲೋರಿಕ್ ಆಮ್ಲವನ್ನು ಬೆಚ್ಚಗೆ ಮಾಡಿ ಹಾಕಿದರೆ ನೊರೆಯುಕ್ಕುತ್ತದೆ. ಶಾಲೆಯ ಸೀಮೆಸುಣ್ಣದ ಮೇಲೆ ಈ ಪ್ರಯೋಗ ಮಾಡಿ ಗುಳ್ಳೆ ಬರಲಿಲ್ಲವೆಂದು ಯಾರೂ ಬೇಸರಪಡಬೇಕಿಲ್ಲ. ಈಗಿನ ಸೀಮೆಸುಣ್ಣ ಹೆಚ್ಚಾಗಿ ಜಿಪ್ಸಂ, ಅದರಲ್ಲಿ ಕಾರ್ಬೊನೇಟೇ ಇರುವುದಿಲ್ಲ.

ರೋಡೊಕ್ರೊಸೈಟ್ ಕೊಡಗಿನಲ್ಲಿ ಏಕಿಲ್ಲ ಎಂಬುದಕ್ಕೆ ಉತ್ತರವೂ ಈ ಗುಳ್ಳೆಯಲ್ಲೇ ಇದೆ. ಮಳೆನೀರು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ಬರುವುದರಿಂದ ಬೀಳುವಾಗಲೇ ಸ್ವಲ್ಪ ಹುಳಿ. ಬೇರುಗಳೂ ಕೊಳೆಯುವ ತರಗೆಲೆಯೂ ಉಸಿರಾಡುವ ಮಣ್ಣಿಗಿಳಿದ ಮೇಲೆ ಇನ್ನಷ್ಟು ಹುಳಿಯಾಗುತ್ತದೆ. ಜಿಲ್ಲೆಯ ಸರಾಸರಿ ಮಳೆ ವರ್ಷಕ್ಕೆ 2,500 ಮಿಲಿಮೀಟರಿಗೂ ಹೆಚ್ಚು. ಪೊನ್ನಂಪೇಟೆ ಕಡೆ ಮಡಿಕೇರಿಯಷ್ಟು ಬೀಳುವುದಿಲ್ಲ, ಬಿದ್ದಷ್ಟೇ ಈ ಕೆಲಸಕ್ಕೆ ಧಾರಾಳ ಸಾಕು. ಇಲ್ಲಿನ ತಳಬಂಡೆಯೂ ಸುಣ್ಣಕಲ್ಲಲ್ಲ. ಮುನ್ನೂರು ಕೋಟಿ ವರ್ಷಗಳಷ್ಟು ಹಳೆಯ ನೈಸ್, ಚಾರ್ನೊಕೈಟ್ ಶಿಲೆಗಳು. ಅವು ಕೊಳೆತು ಆದ ಕೆಂಪುಮಣ್ಣಿನಲ್ಲಿ ಕರಗಬಲ್ಲ ಕ್ಯಾಲ್ಸಿಯಂ, ಮೆಗ್ನೀಸಿಯಂ ತೊಳೆದುಹೋಗಿ ಕಬ್ಬಿಣವೂ ಅಲ್ಯೂಮಿನಿಯಮ್ಮೂ ಉಳಿದಿವೆ. ಮಣ್ಣು ಹುಳಿಯಾಗುವುದು ಹೀಗೆ. ಕಾಫಿ ತೋಟಕ್ಕೆ ಡೋಲೋಮೈಟ್ ಮೂಟೆಗಳು ಬರುವುದೂ ಇದಕ್ಕೇ. ‘ಮೊನ್ನೆ ಮೊನ್ನೆ ಸುಣ್ಣ ಹಾಕಿಸಿದ್ದೆ, ಮತ್ತೆ ಹುಳಿ ಅಂತಾರಲ್ಲ ಸಾರ್’ ಎಂದು ಬೆಳೆಗಾರರು ಕೇಳುವುದುಂಟು. ಹಾಕಿದ ಸುಣ್ಣ ಮಣ್ಣಿನ ಹುಳಿಯ ಜೊತೆ ಸೇರಿ ಕರಗಿತು, ಒಂದಿಷ್ಟು ಲಕ್ಷ್ಮಣತೀರ್ಥದ ಪಾಲಾಗಿ ಕಾವೇರಿಗೂ ಹೋಯಿತು. ಬೆಟ್ಟದ ಮಣ್ಣಿನಲ್ಲಿ ಯಾವ ಕಾರ್ಬೊನೇಟೂ, ಗುಲಾಬಿಯಿರಲಿ ಬಿಳಿಯಿರಲಿ, ಬಹಳ ಕಾಲ ಬಾಳುವುದಿಲ್ಲ.

ಮ್ಯಾಂಗನೀಸ್ ಇಲ್ಲಿಲ್ಲವೆಂದಲ್ಲ. ರಸ್ತೆ ಅಗಲಿಸಲು ಬರೆ ಕಡಿದ ಜಾಗದಲ್ಲಿ ನಿಂತು ನೋಡಿ. ಕೆಂಪುಮಣ್ಣಿನ ಬಿರುಕುಗಳ ಒಳಮೈಗೆ, ಕಲ್ಲಿನ ಸಂದಿಗಳಿಗೆ ಮಸಿ ಬಳಿದಂಥ ಕಪ್ಪು ಪೊರೆ ಅಲ್ಲಲ್ಲಿ ಕಾಣುತ್ತದೆ. ಕೆಲವು ಕಡೆ ಬೆರಳಿನಲ್ಲಿ ಹಿಸುಕಿದರೆ ಪುಡಿಯಾಗುವ ಕಪ್ಪು ಗಂಟುಗಳೂ ಇರುತ್ತವೆ. ಇದು ಮ್ಯಾಂಗನೀಸೋ ಬರೀ ಕೊಳೆಯೋ ಎಂದು ತಿಳಿಯಲು ಮೆಡಿಕಲ್ ಶಾಪಿನ ಹೈಡ್ರೊಜನ್ ಪೆರಾಕ್ಸೈಡ್ ಸಾಕು. ಬೇರು, ಪಾಚಿ ಇಲ್ಲದ ಒಣ ಕಲ್ಲನ್ನು ಆರಿಸಿಕೊಂಡು ಕಪ್ಪಿನ ಮೇಲೆ ಎರಡು ಹನಿ ಬಿಡಿ. ಮ್ಯಾಂಗನೀಸ್ ಆಕ್ಸೈಡಾದರೆ ಸೊರ್ ಎಂದು ಬಿಳಿ ನೊರೆಯೇಳುತ್ತದೆ. ಈ ಗುಳ್ಳೆಯಲ್ಲಿರುವುದು ಆಮ್ಲಜನಕ. ಪೆರಾಕ್ಸೈಡನ್ನು ಒಡೆದು ಅದನ್ನು ಹೊರಬಿಡಿಸುವುದು ಈ ಕಪ್ಪು ಆಕ್ಸೈಡಿನ ಗುಣ. ಮಣ್ಣುವಿಜ್ಞಾನಿಗಳು ಬಯಲಿನಲ್ಲಿ ಮ್ಯಾಂಗನೀಸ್ ಗುರುತಿಸುವುದೂ ಹೀಗೆಯೇ.

ಗಾಳಿ ಮತ್ತು ನೀರು ಒಟ್ಟಿಗೆ ಸಿಕ್ಕಲ್ಲಿ ಮ್ಯಾಂಗನೀಸ್ ಇನ್ನೂ ಎರಡು ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುತ್ತದೆ. ಬ್ಯಾಕ್ಟೀರಿಯಾಗಳು ಈ ಕೆಲಸವನ್ನು ಬಹಳ ಚುರುಕಾಗಿ ಮಾಡಿಸುತ್ತವೆ. ಎರಡು ಕಳೆದುಕೊಂಡದ್ದು ನಾಲ್ಕು ಕಳೆದುಕೊಂಡ ಕೂಡಲೇ ಗುಲಾಬಿ ಹೋಗಿ ಕಪ್ಪು. ರೋಡೊಕ್ರೊಸೈಟ್ ಸಿಗುವ ಗಣಿಗಳಲ್ಲೂ ನೆಲದ ಮೇಲ್ಮೈಗೆ ಬಂದ ಭಾಗಕ್ಕೆ ಕಪ್ಪು ಸಿಪ್ಪೆ ಕಟ್ಟಿರುತ್ತದೆ. ಕಲ್ಲನ್ನು ಒಡೆದ ಮೇಲೆಯೇ ಒಳಗಿನ ಬಣ್ಣ ಕಾಣುವುದು. ಈ ಖನಿಜ ಗುಲಾಬಿಯಾಗಿದೆ ಎಂದರೆ ಅದು ಹುಟ್ಟಿದ ಜಾಗದಲ್ಲಿ ಆಮ್ಲಜನಕ ಇರಲಿಲ್ಲ, ಆಮೇಲೂ ಅದರ ಬಳಿ ಸುಳಿದಿಲ್ಲ ಎಂದರ್ಥ.

ಹಾಗಾದರೆ ಪೊನ್ನಂಪೇಟೆಯ ಸುತ್ತಮುತ್ತ ಆಮ್ಲಜನಕವಿಲ್ಲದ ಜಾಗ ಎಲ್ಲಿದೆ? ಗದ್ದೆಯಲ್ಲಿ. ಕಕ್ಕಡ ತಿಂಗಳ ಮಳೆಯಲ್ಲಿ ನಾಟಿ ಮಾಡಿ ನೀರು ಕಟ್ಟಿದ ಗದ್ದೆಯ ಕೆಸರಿನಲ್ಲಿ, ಮೇಲಿನ ತೆಳು ಪದರವೊಂದನ್ನು ಬಿಟ್ಟರೆ, ಒಂದೆರಡು ದಿನದಲ್ಲೇ ಆಮ್ಲಜನಕ ಮುಗಿದುಹೋಗುತ್ತದೆ. ಕೆಸರಿನ ಬ್ಯಾಕ್ಟೀರಿಯಾಗಳಿಗೆ ಬದುಕಲು ಎಲೆಕ್ಟ್ರಾನು ಸ್ವೀಕರಿಸುವ ಇನ್ನೊಂದು ವಸ್ತು ಬೇಕು. ಮೊದಲು ನೈಟ್ರೇಟಿಗೆ ಕೈಹಾಕುತ್ತವೆ, ಅದು ಮುಗಿದ ಮೇಲೆ ಮ್ಯಾಂಗನೀಸ್ ಆಕ್ಸೈಡಿಗೆ, ಬಳಿಕ ಕಬ್ಬಿಣದ ಆಕ್ಸೈಡಿಗೆ. ಕಪ್ಪು ಆಕ್ಸೈಡ್ ಕರಗಿ ಎರಡು ಎಲೆಕ್ಟ್ರಾನು ಕಳೆದುಕೊಂಡ ಮ್ಯಾಂಗನೀಸ್ ನೀರಿಗೆ ಬರುತ್ತದೆ. ಅದೇ ಬ್ಯಾಕ್ಟೀರಿಯಾಗಳು ಬಿಟ್ಟ ಇಂಗಾಲದ ಡೈಆಕ್ಸೈಡೂ ಅದೇ ನೀರಿನಲ್ಲಿರುತ್ತದೆ. ಕಾರ್ಬೊನೇಟಿಗೆ ಬೇಕಾದ ಎರಡೂ ಸಾಮಗ್ರಿ ಸಿದ್ಧ.

ಈ ರಸಾಯನವನ್ನು ಕ್ರಮಬದ್ಧವಾಗಿ ವಿವರಿಸಿದವರು ಶ್ರೀಲಂಕಾದ ಎಫ್.ಎನ್. ಪೊನ್ನಂಪೆರುಮ. ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದ ಅವರು ಜಲಾವೃತ ಮಣ್ಣುಗಳ ಬಗ್ಗೆ 1972ರಲ್ಲಿ ಬರೆದ ಪ್ರಬಂಧವನ್ನು ಭತ್ತದ ಮಣ್ಣು ಓದುವವರು ಇಂದಿಗೂ ಬಿಡುವಂತಿಲ್ಲ. ಮ್ಯಾಂಗನೀಸ್ ಹೇರಳವಾಗಿರುವ ಗದ್ದೆಯ ಕೆಸರಿನಲ್ಲಿ ಎಷ್ಟು ಮ್ಯಾಂಗನೀಸ್ ನೀರಿನಲ್ಲಿ ಉಳಿಯಬೇಕು ಎಂಬುದನ್ನು ತೀರ್ಮಾನಿಸುವುದು ಮ್ಯಾಂಗನೀಸ್ ಕಾರ್ಬೊನೇಟ್ ಎಂದು ಅವರು ತೋರಿಸಿದರು. ಮಿತಿ ಮೀರಿದ್ದು ಕಾರ್ಬೊನೇಟಾಗಿ ಕೆಳಗೆ ಕೂರುತ್ತದೆ. ರೋಡೊಕ್ರೊಸೈಟಿನ ರಾಸಾಯನಿಕ ಸೂತ್ರವೂ ಅದೇ, ಗಾತ್ರ ಮಾತ್ರ ಕಣ್ಣಿಗೆ ಕಾಣದಷ್ಟು. ಬೂದು ಕೆಸರಿನಲ್ಲಿ ಗುಲಾಬಿ ಕಾಣುವ ಮಾತಂತೂ ಇಲ್ಲ. ಸುಗ್ಗಿಯ ಹಬ್ಬವಾದ ಹುತ್ತರಿಯ ಹೊತ್ತಿಗೆ ನೀರಿಳಿದು ಗದ್ದೆ ಬಿರುಕು ಬಿಡುತ್ತದೆ, ಬಿರುಕಿನಲ್ಲಿ ಗಾಳಿ ಇಳಿಯುತ್ತದೆ. ಕರಗಿದ್ದದ್ದೂ ಕೂತಿದ್ದದ್ದೂ ಮತ್ತೆ ಕಂದು-ಕಪ್ಪು ಮಚ್ಚೆಗಳಾಗುತ್ತವೆ. ನೀರು ಕಟ್ಟಿ ಬೆಳೆಯುವ ಗದ್ದೆಗಳಲ್ಲಿ ಈ ಚಕ್ರ ವರ್ಷಕ್ಕೊಮ್ಮೆ ತಿರುಗುತ್ತದೆ.

ಗದ್ದೆಯಲ್ಲಿ ಒಂದು ಮಳೆಗಾಲದ ಆಟವಾದದ್ದು ಸಮುದ್ರದಲ್ಲಿ ಗಣಿಯಷ್ಟು ಬೆಳೆಯಬಲ್ಲದು. ಬಾಲ್ಟಿಕ್ ಸಮುದ್ರದ ಗೋಟ್ಲಂಡ್ ತಗ್ಗಿನ ತಳದಲ್ಲಿ ಸಾಮಾನ್ಯವಾಗಿ ಆಮ್ಲಜನಕ ಇರುವುದಿಲ್ಲ. ಕೆಲವು ವರ್ಷಗಳಿಗೊಮ್ಮೆ ಉತ್ತರ ಸಮುದ್ರದಿಂದ ಉಪ್ಪಾದ, ಆಮ್ಲಜನಕ ತುಂಬಿದ ನೀರು ಒಳನುಗ್ಗುತ್ತದೆ. ಆಗ ನೀರಿನಲ್ಲಿ ಕರಗಿದ್ದ ಮ್ಯಾಂಗನೀಸ್ ಆಕ್ಸೈಡಾಗಿ ತಳಕ್ಕೆ ಬೀಳುತ್ತದೆ, ಅಲ್ಲಿ ಸಾವಯವ ಕೆಸರಿನ ಬ್ಯಾಕ್ಟೀರಿಯಾಗಳ ಕೈಗೆ ಸಿಕ್ಕಿ ಕಾರ್ಬೊನೇಟಿನ ತೆಳು ಪದರವಾಗುತ್ತದೆ. ಹಂಗರಿಯ ಊರ್ಕೂಟ್, ಮೆಕ್ಸಿಕೊದ ಮೊಲಾಂಗೊ ಗಣಿಗಳ ಕಾರ್ಬೊನೇಟ್ ಅದಿರು ಜುರಾಸಿಕ್ ಕಾಲದ ಸಮುದ್ರದ ತಳದಲ್ಲಿ ಕೂತದ್ದು. ಆ ಅದಿರು ನೋಡಲು ಚೆಂದವೇನಲ್ಲ, ಬೂದು ಕಲ್ಲು. ಹರಳು ಕಟ್ಟುವ ವೈಭವ ಬೇಕಾದರೆ ಬಿಸಿನೀರು ಹರಿದ ಬಿರುಕು ಬೇಕು, ಬೆಳೆಯಲು ಖಾಲಿ ಜಾಗ ಬೇಕು. ಆಲ್ಮಾದಲ್ಲಿ ಎರಡೂ ಇದ್ದವು.

ಸಂಡೂರಿಗೆ ಬರೋಣ. ಅಲ್ಲಿನ ಶಿಲಾಪಟ್ಟಿ 250 ಕೋಟಿ ವರ್ಷಗಳಿಗೂ ಹಿಂದಿನದು. ವಾತಾವರಣದಲ್ಲಿ ಇನ್ನೂ ಆಮ್ಲಜನಕ ತುಂಬದಿದ್ದ ಕಾಲ. ದೇವಗಿರಿಯ ಪದರಗಳಲ್ಲಿ ಮ್ಯಾಂಗನೀಸಿನ ಜೊತೆಗೆ ಡೋಲೋಮೈಟೂ, ಸೂಕ್ಷ್ಮಜೀವಿಗಳು ಹಾಸುಹಾಸಾಗಿ ಕಟ್ಟಿದ ಸ್ಟ್ರೊಮಟೊಲೈಟ್ ರಚನೆಗಳೂ ಇವೆ. ಆ ಸಮುದ್ರದಲ್ಲಿ ಕೂತ ಮ್ಯಾಂಗನೀಸ್ ಬೆರೆತ ಕೆಸರುಪದರಗಳು ಮುಂದೆ ಗುಡ್ಡವಾಗಿ ಮೇಲೆದ್ದವು. ಮಳೆ, ಗಾಳಿ, ಬಿಸಿಲಿಗೆ ಸಿಲಿಕಾ, ಸುಣ್ಣ ತೊಳೆದುಹೋಗಿ ಮ್ಯಾಂಗನೀಸ್ ಆಕ್ಸೈಡಾಗಿ ಗಡ್ಡೆಗಟ್ಟಿತು. 1954ರಲ್ಲಿ ಘೋರ್ಪಡೆ ಮನೆತನ ಕಟ್ಟಿದ ಸಂಡೂರು ಮ್ಯಾಂಗನೀಸ್ ಮತ್ತು ಕಬ್ಬಿಣ ಅದಿರು ಕಂಪನಿ ಅಗೆಯುತ್ತಾ ಬಂದಿರುವುದು ಈ ಕೊಳೆತ ಮೇಲ್ಪದರದ ಫಲವನ್ನು. ಉಕ್ಕಿನ ಕಾರ್ಖಾನೆಗೆ ಅದು ಅನುಕೂಲವೇ ಆಯಿತು. ಸಡಿಲ ಪದರದಲ್ಲಿ ಚದುರಿದ್ದ ಲೋಹವನ್ನು ನಿಸರ್ಗವೇ ಒಟ್ಟುಮಾಡಿಕೊಟ್ಟಿತ್ತು.

ಭಾರತದಲ್ಲಿ ನಿಜವಾದ ಗುಲಾಬಿ ಮ್ಯಾಂಗನೀಸ್ ಕಾರ್ಬೊನೇಟ್ ನೋಡಬೇಕೆಂದರೆ ಮಧ್ಯಪ್ರದೇಶಕ್ಕೆ ಹೋಗಬೇಕು. ಅಲ್ಲಿನ ಬಾಲಾಘಾಟ್, ಪಕ್ಕದ ಮಹಾರಾಷ್ಟ್ರದ ನಾಗಪುರ ಕಡೆಯ ಮ್ಯಾಂಗನೀಸ್ ಶಿಲೆಗಳನ್ನು ಭೂವಿಜ್ಞಾನ ಸಮೀಕ್ಷೆಯ ಎಲ್.ಎಲ್. ಫರ್ಮರ್ 1909ರಲ್ಲಿ ಭಾರತದ ಮ್ಯಾಂಗನೀಸ್ ಕುರಿತ ತಮ್ಮ ಬೃಹತ್ ಗ್ರಂಥದಲ್ಲಿ ದಾಖಲಿಸಿದರು. ಅಲ್ಲಿನ ಗೊಂಡರ ಹೆಸರಿನಿಂದ ಒಂದು ಶಿಲೆಗೆ ಗೊಂಡೈಟ್ ಎಂದು ಹೆಸರಿಟ್ಟವರೂ ಅವರೇ. ಅದೇ ವಲಯದ ಛಿಂದವಾಡ ಕಡೆಯ ಗೋವಾರಿ ವಾಧೋನದಲ್ಲಿ ಭೂಗರ್ಭದ ಶಾಖ, ಒತ್ತಡಕ್ಕೆ ಸಿಕ್ಕ ಕಾರ್ಬೊನೇಟ್ ಪದರಗಳು ಮ್ಯಾಂಗನೀಸ್ ತುಂಬಿದ ಗುಲಾಬಿ ಅಮೃತಶಿಲೆಯಾಗಿವೆ.

ತೋಟದ ಮಾತಿನಿಂದ ಮುಗಿಸುತ್ತೇನೆ, ಏಕೆಂದರೆ ಎರಡು ಎಲೆಕ್ಟ್ರಾನುಗಳ ಈ ಲೆಕ್ಕ ದುಡ್ಡಿನ ಲೆಕ್ಕವೂ ಆಗುವುದು ಅಲ್ಲಿ. ಕಾಫಿ ಗಿಡದ ಬೇರು ಹೀರಬಲ್ಲದ್ದು ಎರಡು ಕಳೆದುಕೊಂಡ ಮ್ಯಾಂಗನೀಸನ್ನು ಮಾತ್ರ, ಅಂದರೆ ಗುಲಾಬಿ ರೂಪದ್ದನ್ನು. ಕಪ್ಪು ಆಕ್ಸೈಡ್ ಅದರ ಪಾಲಿಗೆ ಇದ್ದೂ ಇಲ್ಲದ್ದು. ಮಣ್ಣಿನ ರಸಸಾರ (ಪಿಎಚ್) 5.5ಕ್ಕಿಂತ ಕೆಳಗಿಳಿದು, ಮೇಲೆ ನೀರೂ ನಿಂತರೆ ಕರಗಿದ ಮ್ಯಾಂಗನೀಸ್ ವಿಪರೀತವಾಗುತ್ತದೆ, ಅಲ್ಯೂಮಿನಿಯಮ್ಮೂ ಸೇರಿ ಬೇರನ್ನು ಸುಡುತ್ತದೆ. ಅದಕ್ಕೆ ಮದ್ದು ಸುಣ್ಣ. ಆದರೆ ಕೈಬಿಟ್ಟು ಸುಣ್ಣ ಸುರಿದು ರಸಸಾರ ಏಳರಾಚೆ ಹೋದರೆ ಮ್ಯಾಂಗನೀಸ್ ಪೂರ್ತಿ ಕಪ್ಪಾಗಿ ಕೂತುಬಿಡುತ್ತದೆ. ಚಿಗುರೆಲೆಯ ನರಗಳು ಹಸಿರಾಗಿ ಉಳಿದು ನಡುವಿನ ಭಾಗ ಹಳದಿಗೆ ತಿರುಗುತ್ತದೆ. ಆಗ ಅಂಗಡಿಗೆ ಹೋಗಿ ಆ ಮಾಸಲು ಗುಲಾಬಿ ಸಲ್ಫೇಟನ್ನು ಕೊಂಡು ಸಿಂಪಡಿಸಬೇಕಾಗುತ್ತದೆ. ಮಣ್ಣಿನಲ್ಲೇ ಇದ್ದದ್ದನ್ನು ಕಪ್ಪು ಮಾಡಲು ಒಮ್ಮೆ, ಅದನ್ನೇ ಹೊರಗಿನಿಂದ ತರಲು ಇನ್ನೊಮ್ಮೆ, ಎರಡು ಸಲ ಖರ್ಚು. ಕಾಫಿಗೆ ಹಿತವಾದ ರಸಸಾರ ಆರರಿಂದ ಆರೂವರೆ. ಚೆಟ್ಟಳ್ಳಿಯಲ್ಲಿ ಕಾಫಿ ಮಂಡಳಿಯ ಸಂಶೋಧನಾ ಉಪಕೇಂದ್ರವಿದೆ, ಗೋಣಿಕೊಪ್ಪದಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಪಕ್ಕದ ತೋಟದವರು ಎಷ್ಟು ಮೂಟೆ ಹಾಕಿಸಿದರು ಎಂದು ಕೇಳುವ ಮೊದಲು ನಿಮ್ಮ ತೋಟದ ಮಣ್ಣನ್ನು ಪರೀಕ್ಷೆ ಮಾಡಿಸಿ.